ಕ್ಯಾಷುಯಲ್ಟಿಯ ಪಾಳಿ: ನಂಬಿಕೊಂಡದ್ದೇನು, ನಡೆಯುವುದೇನು

ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಒಂದು ಹೊತ್ತುಗೊತ್ತಿದೆ. ಔಷಧ ಕೌಂಟರಿಗೂ ಇದೆ, ಸರ್ಟಿಫಿಕೇಟಿಗೆ ಸಹಿ ಹಾಕಿಸಿಕೊಳ್ಳುವುದಕ್ಕೂ ಇದೆ. ಕ್ಯಾಷುಯಲ್ಟಿಯ ಬಾಗಿಲಿಗೆ ಮಾತ್ರ ಇಲ್ಲ. ವರ್ಷದ 365 ದಿನ, ದಿನದ 24 ಗಂಟೆ ಅಲ್ಲಿ ಡಾಕ್ಟರು ಇರಲೇಬೇಕು. ಅಂದಮೇಲೆ ಪಾಳಿಯೂ ಇರಲೇಬೇಕು, ಇದರಲ್ಲಿ ಯಾರದೂ ತಕರಾರಿಲ್ಲ. ತೊಂದರೆ ಇರುವುದು ಆ ಪಾಳಿಯನ್ನು ನಾವು ನೋಡುವ ಬಗೆಯಲ್ಲಿ. ವೈದ್ಯರ ದಣಿವು ಅವರ ಸ್ವಂತ ಸಂಗತಿ ಎಂದು ರೋಗಿಯ ಕಡೆಯವರು ಎಣಿಸುತ್ತಾರೆ, ಆಡಳಿತದವರು ಎಣಿಸುತ್ತಾರೆ, ಬಹಳ ಸಲ ವೈದ್ಯರೂ ಹಾಗೇ ಎಣಿಸುತ್ತಾರೆ. ನನ್ನ ಪ್ರಕಾರ ಅದು ರೋಗಿಯ ಚಿಕಿತ್ಸೆಯದೇ ಒಂದು ಭಾಗ.

ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಓಡಾಟ ಶುರುವಾದದ್ದು 2008ರ ನವೆಂಬರಿನಲ್ಲಿ. ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ತಜ್ಞ ವಿಭಾಗವೆಂದು ಭಾರತೀಯ ವೈದ್ಯಕೀಯ ಮಂಡಳಿ ಒಪ್ಪಿದ್ದು 2009ರಲ್ಲಿ. ಅಲ್ಲಿಯವರೆಗೆ ಕ್ಯಾಷುಯಲ್ಟಿ ಎಂದರೆ ಈಗಷ್ಟೇ ಪಾಸಾದವರನ್ನು ಕೂರಿಸುವ ಜಾಗ ಎಂಬ ಭಾವನೆಯೇ ಹೆಚ್ಚಿತ್ತು. ಈಗ ಗಾಡಿ ಬಂದಿದೆ, ತಜ್ಞರು ಬಂದಿದ್ದಾರೆ, ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವ ಟ್ರಯಾಜ್ ಬಂದಿದೆ. ಪಾಳಿಯ ಬಗೆಗಿನ ನಂಬಿಕೆಗಳು ಮಾತ್ರ ಹಳೆಯವೇ ಉಳಿದಿವೆ.

ತಪ್ಪು ಕಲ್ಪನೆ: ರಾತ್ರಿ ಪಾಳಿ ಎಂದರೆ ಅರ್ಧ ಕೆಲಸ, ಅರ್ಧ ನಿದ್ದೆ

ರಾತ್ರಿ ಬರುವವರ ಸಂಖ್ಯೆ ಹಗಲಿಗಿಂತ ಕಡಿಮೆ ಇರಬಹುದು. ಆದರೆ ನೆಗಡಿ, ಜ್ವರ, ಡ್ರೆಸಿಂಗ್ ಬದಲಾವಣೆಗೆ ನಡುರಾತ್ರಿ ಯಾರೂ ಬರುವುದಿಲ್ಲ. ಬೆಳಗಿನತನಕ ಕಾಯಲಾಗದವರೇ ಬರುತ್ತಾರೆ. ಹೆದ್ದಾರಿಯ ಅಪಘಾತ, ಉಸಿರು ಕಟ್ಟಿದ ಮಗು, ಹೆರಿಗೆಯಾದ ಮೇಲೆ ರಕ್ತ ನಿಲ್ಲದ ತಾಯಿ, ಮನೆಯ ಜಗಳದ ನಂತರ ಕ್ರಿಮಿನಾಶಕ ಕುಡಿದವರು. ಹಗಲಿನಲ್ಲಿ ಮಗ್ಗುಲಲ್ಲೇ ಇರುವ ಅರಿವಳಿಕೆ ತಜ್ಞರು, ಶಸ್ತ್ರಚಿಕಿತ್ಸಕರು ರಾತ್ರಿ ಫೋನಿನ ಆ ಕಡೆ ಇರುತ್ತಾರೆ. ಅವರು ಬಂದು ಮುಟ್ಟುವವರೆಗೆ ಕ್ಯಾಷುಯಲ್ಟಿಯ ಒಬ್ಬರು ಇಬ್ಬರೇ ಎಲ್ಲವೂ ಆಗಿರಬೇಕು.

ಕೀಟನಾಶಕ ಕುಡಿದವರದ್ದನ್ನೇ ತೆಗೆದುಕೊಳ್ಳಿ. ನಮ್ಮ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫರಸ್ ಔಷಧಿಯ ಕೇಸುಗಳು ಸಾಮಾನ್ಯ. ರೋಗಿಯ ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ, ಕಣ್ಣಪಾಪೆ ಸೂಜಿಮೊನೆಯಷ್ಟು. ಅಟ್ರೋಪಿನ್ ಕೊಡಬೇಕು. ಒಂದು ಡೋಸ್ ಕೊಟ್ಟು ಮುಗಿಸುವ ಮದ್ದಲ್ಲ ಅದು. ಐದು ನಿಮಿಷ ಕಾಯಬೇಕು, ಎದೆಗೆ ಸ್ಟೆತಸ್ಕೋಪ್ ಇಡಬೇಕು, ನೀರಿನ ಸದ್ದು ನಿಂತಿಲ್ಲವಾದರೆ ಮೊದಲಿನ ಎರಡರಷ್ಟು ಕೊಡಬೇಕು. ಮತ್ತೆ ಐದು ನಿಮಿಷ. ಎದೆ ತಿಳಿಯಾಗುವವರೆಗೆ, ನಾಡಿ ಏರುವವರೆಗೆ ಹೀಗೇ ನಡೆಯಬೇಕು. ಕಡಿಮೆಯಾದರೆ ರೋಗಿ ತನ್ನ ದ್ರವದಲ್ಲೇ ಮುಳುಗುತ್ತಾನೆ, ಹೆಚ್ಚಾದರೆ ಮೈ ಸುಡುತ್ತದೆ, ಬಡಬಡಿಸಿ ಕೈಗೆ ಹಾಕಿದ ಸೂಜಿ ಕಿತ್ತುಕೊಳ್ಳುತ್ತಾನೆ. ಇದೆಲ್ಲ ರಾತ್ರಿ 2ಕ್ಕೆ ಶುರುವಾದರೆ ಡಾಕ್ಟರು ಹಾಸಿಗೆ ಬಿಟ್ಟು ಕದಲುವ ಮಾತೇ ಇಲ್ಲ. ಅಷ್ಟರಲ್ಲಿ ಬಾಗಿಲಿಗೆ ಇನ್ನೊಂದು ಸ್ಟ್ರೆಚರ್ ಬಂದಿರುತ್ತದೆ.

ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಹೃದಯಾಘಾತಗಳು ಬೆಳಗಿನ 6ರಿಂದ ಮಧ್ಯಾಹ್ನದೊಳಗಿನ ಹೊತ್ತಿನಲ್ಲಿ ಹೆಚ್ಚು ಎನ್ನುವುದು 1980ರ ದಶಕದಿಂದಲೇ ಗೊತ್ತು. ಎದೆ ಹಿಡಿದುಕೊಂಡು ಬರುವವರ ಸಾಲು ಆರಂಭವಾಗುವುದು ರಾತ್ರಿ ಪಾಳಿಯ ಕೊನೆಯ ತಾಸುಗಳಲ್ಲಿ, ಇಸಿಜಿ ಓದಬೇಕಾದ ಕಣ್ಣು ಅತಿ ಹೆಚ್ಚು ದಣಿದಿರುವ ಹೊತ್ತಿಗೆ.

ತಪ್ಪು ಕಲ್ಪನೆ: ಹಗಲು ಮಲಗಿದರೆ ಲೆಕ್ಕ ಚುಕ್ತಾ

ಎಂಟು ತಾಸು ನಿದ್ದೆ ಯಾವಾಗ ಮಾಡಿದರೇನು ಎಂಬ ಪ್ರಶ್ನೆ ಸಹಜವೇ. ಆದರೆ ಮೆದುಳಿನೊಳಗೆ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಒಂದು ಪುಟ್ಟ ನರಕೋಶಗಳ ಗುಂಪಿದೆ. ಬೆಳಕನ್ನು ನೋಡಿ ಇಡೀ ದೇಹದ ಹೊತ್ತು ನಿಗದಿ ಮಾಡುವುದು ಅದೇ. ಒಂದೊಂದು ಜೀವಕೋಶದೊಳಗೂ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರದ ಲೆಕ್ಕದಲ್ಲಿ ಬೆಳಗಿನ ಜಾವ 4–5ರ ಸುಮಾರಿಗೆ ಮೈಯ ಉಷ್ಣತೆ ತೀರಾ ಕೆಳಗಿಳಿದಿರುತ್ತದೆ, ಎಚ್ಚರವೂ ಹಾಗೆಯೇ. ಬೆಳಿಗ್ಗೆ 9ಕ್ಕೆ ಮನೆಗೆ ಬಂದು ಮಲಗುವ ಡಾಕ್ಟರಿಗೆ ಅದೇ ಗಡಿಯಾರ ಏಳು ಏಳು ಎನ್ನುತ್ತಿರುತ್ತದೆ. ರಾತ್ರಿ ಪಾಳಿಯವರ ಹಗಲು ನಿದ್ದೆ ಸಾಮಾನ್ಯ ನಿದ್ದೆಗಿಂತ 2ರಿಂದ 4 ಗಂಟೆ ಕಡಿಮೆ ಎನ್ನುವುದು ಮತ್ತೆ ಮತ್ತೆ ಕಂಡುಬಂದಿದೆ.

ಇದರ ಮೇಲೆ ನಮ್ಮ ಮನೆಗಳು. ಪಕ್ಕದ ಮನೆಯ ಕುಕ್ಕರ್ ಸೀಟಿ, ತರಕಾರಿ ಗಾಡಿಯ ಮೈಕು, ಕೊರಿಯರಿನವನ ಕಾಲಿಂಗ್ ಬೆಲ್, ಮಧ್ಯಾಹ್ನದ ಸೆಕೆಗೆ ಸರಿಯಾಗಿ ಹೋಗುವ ಕರೆಂಟು. ರಾಯಚೂರು, ಕಲಬುರ್ಗಿಯ ಮೇ ತಿಂಗಳಲ್ಲಿ ಹಗಲು ಹೊತ್ತು ಮಲಗಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ರೋಸ್ಟರ್ ಬರೆಯುವವರು ತಿಳಿದಿರಬೇಕಾದ ಒಂದು ಮಾತಿದೆ. ನಮ್ಮ ಒಳಗಡಿಯಾರದ ದಿನ 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ. ಹಾಗಾಗಿ ತಡವಾಗಿ ಮಲಗುವುದು ದೇಹಕ್ಕೆ ಸುಲಭ, ಬೇಗ ಮಲಗುವುದು ಕಷ್ಟ. ಬೆಳಗಿನ ಪಾಳಿ, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ ಎಂದು ಮುಂದಕ್ಕೆ ಸರಿಸಿದರೆ ಮೈ ಹೊಂದಿಕೊಳ್ಳುತ್ತದೆ. ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಹಿಂದೆ ಎಳೆದರೆ ಅಷ್ಟೇ ಗಂಟೆಗಳ ಕೆಲಸ ಹೆಚ್ಚು ಹಿಂಡುತ್ತದೆ. ಅಮೆರಿಕ, ಕೆನಡಾಗಳ ಕೆಲವು ತುರ್ತು ವಿಭಾಗಗಳು ರಾತ್ರಿಯನ್ನೇ 4 ಗಂಟೆಗೆ ಎರಡಾಗಿ ಸೀಳಿವೆ. ಒಬ್ಬರು 10ರಿಂದ 4, ಇನ್ನೊಬ್ಬರು 4ರಿಂದ 10. ಇಬ್ಬರಿಗೂ ಕತ್ತಲಿನ ಒಂದಷ್ಟು ಹೊತ್ತು ಹಾಸಿಗೆ ಸಿಗುತ್ತದೆ. ಜೂಜುಕಟ್ಟೆಗಳಿಂದ ಬಂದ ಪದ್ಧತಿಯಾದ್ದರಿಂದ ಅದಕ್ಕೆ ಕ್ಯಾಸಿನೊ ಶಿಫ್ಟ್ ಎಂದೇ ಹೆಸರು. ನಮ್ಮಲ್ಲಿ ಬೆಳಗಿನ ಜಾವ 4ಕ್ಕೆ ಬಸ್ಸಿಲ್ಲ, ಹೆಣ್ಣುಮಕ್ಕಳು ಒಂಟಿಯಾಗಿ ಹೊರಡುವ ಹಾಗಿಲ್ಲ. ಆಸ್ಪತ್ರೆಯ ಆವರಣದಲ್ಲೇ ಕ್ವಾರ್ಟರ್ಸ್ ಇರುವ ಕಡೆ ಖಂಡಿತ ಮಾಡಿ ನೋಡಬಹುದು.

ತಪ್ಪು ಕಲ್ಪನೆ: ರೂಢಿಯಾದರೆ ಏನೂ ಅನ್ನಿಸುವುದಿಲ್ಲ, ನಮ್ಮ ಕಾಲದಲ್ಲಿ ನಾವು ಮಾಡಲಿಲ್ಲವೇ

ಹಿರಿಯರು ಈ ಮಾತನ್ನು ಪ್ರೀತಿಯಿಂದಲೇ ಹೇಳುತ್ತಾರೆ. 36 ಗಂಟೆ ನಿಂತು ಕೆಲಸ ಕಲಿತವರು ಅವರು, ಆ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ರೂಢಿಯಾಗುವುದು ದಣಿದಿದ್ದೇವೆ ಎಂಬ ಭಾವನೆ ಮಾತ್ರ, ದಣಿವಲ್ಲ. 2003ರ ಒಂದು ಹೆಸರಾಂತ ಪ್ರಯೋಗದಲ್ಲಿ ಆರೋಗ್ಯವಂತರನ್ನು ಎರಡು ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿಸಿದರು. ಅವರ ಗಮನಶಕ್ತಿ ದಿನದಿಂದ ದಿನಕ್ಕೆ ಕುಸಿದು, ಒಂದೆರಡು ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ನಿಮಗೆ ಹೇಗನ್ನಿಸುತ್ತಿದೆ ಎಂದು ಕೇಳಿದರೆ ಕೆಲವು ದಿನಗಳ ನಂತರ ಅವರ ಉತ್ತರ ಹೆಚ್ಚು ಬದಲಾಗಲಿಲ್ಲ. ಕುಸಿಯುತ್ತಿದ್ದವರಿಗೇ ಕುಸಿತ ಗೊತ್ತಾಗುತ್ತಿರಲಿಲ್ಲ. ಹಾಗಾಗಿ "ನಾನು ಆರಾಮಾಗಿದ್ದೇನೆ ಸರ್" ಎನ್ನುವ ಪಿಜಿ ವಿದ್ಯಾರ್ಥಿ ಸುಳ್ಳು ಹೇಳುತ್ತಿಲ್ಲ, ಅವರ ಮಾತನ್ನು ನಂಬಿ ಇನ್ನೊಂದು ಡ್ಯೂಟಿ ಹಾಕುವ ಹಾಗೂ ಇಲ್ಲ.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಹೋಲಿಕೆ ಇನ್ನೂ ಕಟುವಾಗಿದೆ. 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಹಾಗಿತ್ತು. 24 ಗಂಟೆ ಎಚ್ಚರವಿದ್ದರೆ ಶೇ 0.10ರ ಆಸುಪಾಸು. ನಮ್ಮ ದೇಶದಲ್ಲಿ ವಾಹನ ಚಲಾಯಿಸಲು ಇರುವ ಮಿತಿ ಶೇ 0.03. ಸ್ಟೀರಿಂಗ್ ಹಿಡಿಯಲು ಯೋಗ್ಯರಲ್ಲ ಎಂದು ಪೊಲೀಸರು ತಡೆಯುವ ಸ್ಥಿತಿಯನ್ನು ದಾಟಿದವರ ಕೈಗೆ ನಾವು ಗಂಟಲಿಗೆ ಉಸಿರಿನ ನಳಿಕೆ ಇಳಿಸುವ ಲಾರಿಂಗೋಸ್ಕೋಪ್ ಕೊಡುತ್ತಿದ್ದೇವೆ.

ವಯಸ್ಸಿನ ಮಾತನ್ನೂ ಸೇರಿಸಬೇಕು. ನಲವತ್ತೈದು ದಾಟಿದ ಮೇಲೆ ಪಾಳಿಯಿಂದ ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ. ಅನುಭವ ಮಾಗಿದ ಹೊತ್ತಿಗೇ ಒಳ್ಳೊಳ್ಳೆಯವರು ತುರ್ತು ವಿಭಾಗ ಬಿಟ್ಟು ಹಗಲು ಕ್ಲಿನಿಕ್ಕಿಗೆ ಹೊರಟುಬಿಡುತ್ತಾರೆ. ಹಿರಿಯರಿಗೆ ರಾತ್ರಿ ಕಡಿಮೆ ಮಾಡಿ, ಪ್ರತಿಯಾಗಿ ಕಲಿಸುವ ಹೊಣೆ ಹೆಚ್ಚಿಸಿದರೆ ಅವರು ಉಳಿಯುತ್ತಾರೆ. ರಾತ್ರಿ ಪಾಳಿ ದೀರ್ಘಕಾಲದಲ್ಲಿ ಮೈಗೆ ಒಳ್ಳೆಯದಲ್ಲ ಎನ್ನುವುದರಲ್ಲೂ ಅನುಮಾನ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ ಅದನ್ನು ಕ್ಯಾನ್ಸರ್‌ಕಾರಕವಾಗಿರುವ ಸಂಭವ ಹೆಚ್ಚಿರುವ ಸಂಗತಿಗಳ ಪಟ್ಟಿಯಲ್ಲಿಟ್ಟಿದೆ.

ತಪ್ಪು ಕಲ್ಪನೆ: ಎಷ್ಟೇ ದಣಿದಿರಲಿ, ಜೀವ ಹೋಗುವ ಕೇಸು ಬಂದರೆ ಡಾಕ್ಟರು ಚುರುಕಾಗಿಬಿಡುತ್ತಾರೆ

ಇದರಲ್ಲಿ ಅರ್ಧ ನಿಜವಿದೆ. ಹೃದಯ ನಿಂತ ರೋಗಿ ಒಳಗೆ ಬಂದರೆ ಯಾವ ಡಾಕ್ಟರೂ ತೂಕಡಿಸುವುದಿಲ್ಲ. ಎದೆ ಒತ್ತುವುದು, ಶಾಕ್ ಕೊಡುವುದು, ಅಡ್ರಿನಲಿನ್ ಎಲ್ಲ ಅಭ್ಯಾಸಬಲದಿಂದ ನಡೆಯುತ್ತದೆ. ದಣಿವು ಕೈಕೊಡುವುದು ಗದ್ದಲವಿಲ್ಲದ ಕೇಸುಗಳಲ್ಲಿ.

ಬೆಳಗಿನ ಜಾವ 3ರ ಹೊತ್ತಿಗೆ ಹಳ್ಳಿಯಿಂದ ಒಬ್ಬ ಯುವಕನನ್ನು ಕರೆತಂದಿದ್ದಾರೆ ಎಂದುಕೊಳ್ಳಿ. ಹೊಟ್ಟೆನೋವು, ಎರಡು ಸಲ ವಾಂತಿ. ಬಿ.ಪಿ. ಸರಿಯಿದೆ, ಜ್ವರವಿಲ್ಲ. ರಾತ್ರಿ ಬೀಗರೂಟಕ್ಕೆ ಹೋಗಿದ್ದನಂತೆ. ದಣಿದ ಮೆದುಳು ಮೊದಲು ಸಿಕ್ಕ ಉತ್ತರಕ್ಕೆ ಜೋತುಬೀಳುತ್ತದೆ. ಗ್ಯಾಸ್ಟ್ರೈಟಿಸ್ ಎಂದು ಬರೆದು, ಒಂದು ಇಂಜೆಕ್ಷನ್ ಕೊಟ್ಟು, ಬೆಳಿಗ್ಗೆ ಓಪಿಡಿಗೆ ಬನ್ನಿ ಎಂದು ಕಳಿಸಿಬಿಡುತ್ತದೆ. ಎಚ್ಚರವಿರುವ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಎಲ್ಲಿ ಮಲಗಿದ್ದೆ, ನೆಲದ ಮೇಲೋ ಮಂಚದ ಮೇಲೋ?" ನೆಲದ ಮೇಲೆ ಎಂದರೆ ಕಣ್ಣೆತ್ತಿ ನೋಡು ಎನ್ನುತ್ತಾರೆ. ರೆಪ್ಪೆ ಜೋತುಬಿದ್ದಿರುತ್ತದೆ. ಕಟ್ಟುಹಾವು ರಾತ್ರಿ ಹೊತ್ತು, ನೆಲದಲ್ಲಿ ಮಲಗಿದವರನ್ನೇ ಕಚ್ಚುವುದು ಹೆಚ್ಚು. ಕಚ್ಚಿದ್ದು ನೋಯುವುದಿಲ್ಲ, ಗಾಯ ಕಾಣುವುದೂ ಅಪರೂಪ. ಹೊಟ್ಟೆನೋವಿನಿಂದ ಶುರುವಾಗಿ ಕೆಲವು ತಾಸಿನಲ್ಲಿ ಉಸಿರಾಟದ ಸ್ನಾಯುಗಳೇ ನಿಂತುಹೋಗುತ್ತವೆ. ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಕರ್ನಾಟಕ ಸರ್ಕಾರ 2024ರಲ್ಲಿ ಘೋಷಿಸಿತು. ಒಳ್ಳೆಯ ಹೆಜ್ಜೆ. ಆದರೆ ವರದಿ ಮಾಡಬೇಕಾದರೆ ಮೊದಲು ಗುರುತಿಸಬೇಕು, ಗುರುತಿಸಲು ಆ ಒಂದು ಹೆಚ್ಚಿನ ಪ್ರಶ್ನೆ ಕೇಳುವಷ್ಟು ತಾಳ್ಮೆ ಬೆಳಗಿನ ಜಾವಕ್ಕೂ ಉಳಿದಿರಬೇಕು.

ಅಂಕಿಅಂಶ ಬೇಕೆನ್ನುವವರಿಗೆ: 2004ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರ ಐಸಿಯುಗಳಲ್ಲಿ 24 ಗಂಟೆ ಮೀರಿದ ಡ್ಯೂಟಿ ಇದ್ದ ಇಂಟರ್ನ್‌ಗಳನ್ನು ಚಿಕ್ಕ ಪಾಳಿಯವರ ಜೊತೆ ಹೋಲಿಸಿ ನೋಡಿದರು. ಉದ್ದದ ಡ್ಯೂಟಿಯಲ್ಲಿ ಗಂಭೀರ ತಪ್ಪುಗಳು ಶೇ 36ರಷ್ಟು ಹೆಚ್ಚಿದ್ದವು. ರೋಗ ಗುರುತಿಸುವಲ್ಲಿ ಆದ ಗಂಭೀರ ತಪ್ಪುಗಳು ಐದು ಪಟ್ಟಿಗೂ ಮೇಲೆ. ಇಂಥ ಎಣಿಕೆಯಲ್ಲಿ ಸೇರದ ಇನ್ನೊಂದು ನಷ್ಟ ಮಾತಿನದು. ತುರ್ತು ವಿಭಾಗದಲ್ಲಿ ಸಾವಿನ ಸುದ್ದಿ ಹೇಳಬೇಕಾದ ಡಾಕ್ಟರಿಗೆ ಮನೆಯವರನ್ನು ಕೂರಿಸಿ, ಹೆಸರು ಹಿಡಿದು ಮಾತಾಡುವಷ್ಟು ಶಕ್ತಿ ಬೇಕು. ಹದಿನೆಂಟನೇ ಗಂಟೆಯಲ್ಲಿ ಬಾಯಿಂದ ಬರುವುದು ಎರಡು ಒಣ ವಾಕ್ಯ. ಆ ಎರಡು ವಾಕ್ಯವನ್ನು ಆ ಮನೆಯವರು ಜೀವನವಿಡೀ ನೆನಪಿಟ್ಟುಕೊಳ್ಳುತ್ತಾರೆ.

ತಪ್ಪು ಕಲ್ಪನೆ: ಪಾಳಿಯ ಗಂಟೆ ಕಡಿಮೆ ಮಾಡಿದರೆ ಎಲ್ಲ ಸರಿಹೋಗುತ್ತದೆ

ದೀರ್ಘ ಡ್ಯೂಟಿಯ ವಿರುದ್ಧ ಮಾತಾಡುವ ನಾವು ಈ ತಪ್ಪನ್ನು ಸುಲಭವಾಗಿ ಮಾಡುತ್ತೇವೆ. 2020ರಲ್ಲಿ ಅಮೆರಿಕದ ಆರು ಮಕ್ಕಳ ಐಸಿಯುಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂದಾಗ ಅನೇಕರು ಬೆಚ್ಚಿದರು. ಉದ್ದದ ಪಾಳಿ ತೆಗೆದುಹಾಕಿದ ಕಡೆ ಗಂಭೀರ ತಪ್ಪುಗಳು ಕಡಿಮೆಯಾಗುವ ಬದಲು ಹೆಚ್ಚಿದ್ದವು! ಒಳಹೊಕ್ಕು ನೋಡಿದಾಗ ಕಾರಣ ತಿಳಿಯಿತು. ಗಂಟೆ ಕಡಿತ ಮಾಡಿದರೂ ಡಾಕ್ಟರುಗಳ ಸಂಖ್ಯೆ ಅಗತ್ಯದಷ್ಟು ಏರಿರಲಿಲ್ಲ. ಒಬ್ಬೊಬ್ಬರ ಮೇಲೆ ಸರಾಸರಿ 6.7ರ ಬದಲು 8.8 ರೋಗಿಗಳು ಬಿದ್ದಿದ್ದರು. ಆ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವ್ಯತ್ಯಾಸ ಅಳಿಸಿಹೋಗುತ್ತಿತ್ತು. ನಾಲ್ಕು ಜನ ಮಾಡುವ ಕೆಲಸಕ್ಕೆ ಇಬ್ಬರನ್ನಿಟ್ಟು, ಪಾಳಿ ಮಾತ್ರ ಕತ್ತರಿಸಿ ಚಿಕ್ಕದು ಮಾಡುವುದು ಸುಧಾರಣೆಯಲ್ಲ.

ಚಿಕ್ಕ ಪಾಳಿಯ ಜೊತೆ ಬರುವ ಇನ್ನೊಂದು ಅಪಾಯ ಹ್ಯಾಂಡೋವರ್. ಪಾಳಿ ಚಿಕ್ಕದಾದಷ್ಟೂ ರೋಗಿ ಕೈ ಬದಲಾಗುವುದು ಹೆಚ್ಚು. ಮೇಲೆ ಹೇಳಿದ ಕ್ರಿಮಿನಾಶಕದ ಕೇಸಿಗೇ ಬನ್ನಿ. ರಾತ್ರಿಯವರು ಕಷ್ಟಪಟ್ಟು ಉಳಿಸಿದ್ದಾರೆ, ಎದೆ ತಿಳಿಯಾಗಿದೆ, ರೋಗಿ ಕಣ್ಣುಬಿಟ್ಟು ಮಾತಾಡುತ್ತಿದ್ದಾನೆ. ಬೆಳಿಗ್ಗೆ ಬಂದವರಿಗೆ "ಓಪಿ ಪಾಯ್ಸನಿಂಗ್, ಈಗ ಬೆಟರ್" ಎಂದಷ್ಟೇ ಹೇಳಿದರೆ ಅವರು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಆದರೆ ಈ ವಿಷಕ್ಕೆ ಎರಡನೆಯ ಮುಖವಿದೆ. ಕುಡಿದ ಒಂದರಿಂದ ನಾಲ್ಕು ದಿನದೊಳಗೆ, ಎಲ್ಲ ಸರಿಹೋಯಿತು ಎನ್ನುವಾಗ, ಸ್ನಾಯುಗಳು ಸೋತು ಉಸಿರು ನಿಲ್ಲಬಹುದು. ಅದರ ಮೊದಲ ಸುಳಿವು ಬಲು ಸರಳ: ರೋಗಿಗೆ ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ. ಹಾಗಾಗಿ ಪ್ರತಿ ಪಾಳಿಯವರೂ ಬಂದು "ತಲೆ ಎತ್ತಪ್ಪ" ಎನ್ನಬೇಕು. ಇದನ್ನು ಮುಂದಿನ ಪಾಳಿಗೆ, ಅದರ ಮುಂದಿನದಕ್ಕೆ, ನಾಲ್ಕು ದಿನದ ಹನ್ನೆರಡು ಪಾಳಿಗೂ ದಾಟಿಸಬೇಕು. ಒಂದೇ ಒಂದು ಕಡೆ ಕೊಂಡಿ ಕಳಚಿದರೂ ಉಳಿಸಿದ ಜೀವ ಹೋಗುತ್ತದೆ.

ಸಮಾಧಾನದ ಸಂಗತಿ ಎಂದರೆ ಇದಕ್ಕೆ ಮದ್ದಿದೆ, ಅದೂ ದುಡ್ಡು ಬೇಡದ ಮದ್ದು. ಹ್ಯಾಂಡೋವರ್ ಹೇಗೆ ಕೊಡಬೇಕೆಂದು ಒಂದು ಕ್ರಮ ಹಾಕಿಕೊಳ್ಳುವುದು: ರೋಗಿ ಎಷ್ಟು ಗಂಭೀರ, ಇಲ್ಲಿಯವರೆಗೆ ಏನಾಯಿತು, ಇನ್ನು ಮಾಡಬೇಕಾದ್ದೇನು, ಏನು ಕೆಡಬಹುದು ಮತ್ತು ಕೆಟ್ಟರೆ ಏನು ಮಾಡುವುದು. ಕೊನೆಗೆ ಕೇಳಿಸಿಕೊಂಡವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. ಐ–ಪಾಸ್ ಎಂಬ ಹೆಸರಿನ ಈ ಕ್ರಮವನ್ನು ಒಂಬತ್ತು ಆಸ್ಪತ್ರೆಗಳಲ್ಲಿ ಜಾರಿಗೆ ತಂದಾಗ ವೈದ್ಯಕೀಯ ತಪ್ಪುಗಳು ಶೇ 23ರಷ್ಟು, ರೋಗಿಗೆ ತಪ್ಪಿಸಬಹುದಾಗಿದ್ದ ಹಾನಿ ಶೇ 30ರಷ್ಟು ಇಳಿದವು ಎಂದು 2014ರಲ್ಲಿ ವರದಿಯಾಯಿತು. ಹ್ಯಾಂಡೋವರಿಗೆ ಹಿಡಿದ ಸಮಯವೇನೂ ಹೆಚ್ಚಾಗಲಿಲ್ಲ. ನಮ್ಮ ಎಷ್ಟೋ ಕ್ಯಾಷುಯಲ್ಟಿಗಳಲ್ಲಿ ಹ್ಯಾಂಡೋವರ್ ಈಗಲೂ ಕಾರಿಡಾರಿನಲ್ಲಿ, ಬ್ಯಾಗು ಹೆಗಲಿಗೇರಿಸಿಕೊಂಡು ನಡೆಯುತ್ತದೆ. ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗುವಾಗ ಅರ್ಧ ಗಂಟೆ ಇಬ್ಬರೂ ಇರುವ ಹಾಗೆ ರೋಸ್ಟರ್ ಬರೆದರೆ, ಹಾಸಿಗೆಯ ಪಕ್ಕದಲ್ಲೇ ನಿಂತು ಇದನ್ನು ಮಾಡಬಹುದು.

ತಪ್ಪು ಕಲ್ಪನೆ: ಡ್ಯೂಟಿಯಲ್ಲಿ ಮಲಗುವುದು ಕಳ್ಳತನ, ಕಾಫಿ ಕುಡಿದು ಎಚ್ಚರವಿರಬೇಕು

ಕಾಫಿ ದಣಿವನ್ನು ಮುಚ್ಚಿಡುತ್ತದೆ, ತೀರಿಸುವುದಿಲ್ಲ. ಕುಡಿದ ಕೆಫೀನಿನ ಅರ್ಧ ಭಾಗ ಐದು ತಾಸಿನ ಮೇಲೂ ರಕ್ತದಲ್ಲಿರುತ್ತದೆ. ಬೆಳಗಿನ 5ರ ಕಾಫಿ 10ಕ್ಕೆ ಬರಬೇಕಾದ ನಿದ್ದೆಯನ್ನು ಕೆಡಿಸುತ್ತದೆ. ಸ್ಟ್ಯಾನ್‌ಫರ್ಡಿನಲ್ಲಿ ತುರ್ತು ವಿಭಾಗದ ವೈದ್ಯರು ಮತ್ತು ನರ್ಸ್‌ಗಳಿಗೆ ರಾತ್ರಿ 3ಕ್ಕೆ 40 ನಿಮಿಷ ಮಲಗಲು ಬಿಟ್ಟು ನೋಡಿದ 2006ರ ಅಧ್ಯಯನವಿದೆ. ಪಾಳಿಯ ಕೊನೆಗೆ ಅವರ ಗಮನ ತಪ್ಪುವುದು ಕಡಿಮೆಯಾಗಿತ್ತು, ಹುರುಪು ಹೆಚ್ಚಿತ್ತು. ಎದ್ದ ತಕ್ಷಣ ಸ್ವಲ್ಪ ಹೊತ್ತು ಮಂಪರು ಇದ್ದೇ ಇರುತ್ತದೆ, ಹಾಗಾಗಿ ಆ ಹೊತ್ತಿಗೆ ಇನ್ನೊಬ್ಬರು ಎಚ್ಚರವಿರಬೇಕು. ಸರದಿ ಹಾಕಿ ಮಲಗಿಸುವುದು ವಿಭಾಗದ ಮುಖ್ಯಸ್ಥರ ಕೆಲಸ. ಕದ್ದು ಮಲಗುವ ಪರಿಸ್ಥಿತಿ ತರಬಾರದು. ಮಲಗಲು ಒಂದು ಕೋಣೆಯೂ ಬೇಕಲ್ಲ. 2024ರಲ್ಲಿ ಭಾರತೀಯ ವೈದ್ಯಕೀಯ ಸಂಘ ನಡೆಸಿದ ಸಮೀಕ್ಷೆಗೆ ಉತ್ತರಿಸಿದ 3,885 ವೈದ್ಯರಲ್ಲಿ ಶೇ 45ರಷ್ಟು ಮಂದಿ ರಾತ್ರಿ ಪಾಳಿಯಲ್ಲಿ ಡ್ಯೂಟಿ ರೂಮೇ ಇಲ್ಲ ಎಂದರು.

ತಪ್ಪು ಕಲ್ಪನೆ: ಪಾಳಿ ಕೆಲಸದವರಿಗೆ ಮನೆಗೆ ಬೇಕಾದಷ್ಟು ಸಮಯ ಸಿಗುತ್ತದೆ

ಕಾಗದದ ಮೇಲೆ ನಿಜ. ರಾತ್ರಿ ಪಾಳಿ ಮುಗಿಸಿದವರು ಹಗಲೆಲ್ಲ ಮನೆಯಲ್ಲಿರುತ್ತಾರೆ. ಆದರೆ ಆ ಹಗಲಿನಲ್ಲಿ ಮಕ್ಕಳು ಶಾಲೆಯಲ್ಲಿ, ಸಂಗಾತಿ ಆಫೀಸಿನಲ್ಲಿ. ಅವರೆಲ್ಲ ಮನೆ ಸೇರುವ ಸಂಜೆ 7ಕ್ಕೆ ಡಾಕ್ಟರು ಟಿಫನ್ ಡಬ್ಬಿ ಹಿಡಿದು ಹೊರಡುತ್ತಾರೆ. ಒಂದೇ ಮನೆಯಲ್ಲಿದ್ದೂ ವಾರದಲ್ಲಿ ಒಂದು ಹೊತ್ತೂ ಒಟ್ಟಿಗೆ ಉಣ್ಣದ ಕುಟುಂಬಗಳನ್ನು ನಾನು ಹತ್ತಿರದಿಂದ ಬಲ್ಲೆ. ಗಂಡ ಹೆಂಡತಿ ಇಬ್ಬರೂ ಡಾಕ್ಟರಾದರೆ ಫ್ರಿಜ್ಜಿನ ಮೇಲೆ ಅಂಟಿಸಿದ ಎರಡು ರೋಸ್ಟರುಗಳನ್ನು ಹೊಂದಿಸಿ, ಮಗುವನ್ನು ಶಾಲೆಯಿಂದ ಕರೆತರುವವರು ಯಾರೆಂದು ತೀರ್ಮಾನಿಸಬೇಕು.

ಹಬ್ಬಗಳಂದು ಕ್ಯಾಷುಯಲ್ಟಿಗೆ ಕೆಲಸ ಹೆಚ್ಚು. ದೀಪಾವಳಿಯಂದು ಪಟಾಕಿಯಿಂದ ಕಣ್ಣು ಸುಟ್ಟುಕೊಂಡ ಮಕ್ಕಳು ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಬರುವುದು ವರ್ಷವರ್ಷದ ಸುದ್ದಿ. ಅಲ್ಲಿ ಆ ರಾತ್ರಿ ಡ್ಯೂಟಿಯಲ್ಲಿರುವವರ ಮನೆಯಲ್ಲೂ ಮಕ್ಕಳಿರುತ್ತಾರೆ. ಹೊಸವರ್ಷದ ರಾತ್ರಿ, ಗಣೇಶನ ಮೆರವಣಿಗೆ, ಊರ ಜಾತ್ರೆ ಎಲ್ಲವೂ ಹೀಗೆಯೇ. ತಿಂಗಳುಗಳ ಮೊದಲೇ ಗೊತ್ತಿರುವ ಮದುವೆಗೂ ಬರುತ್ತೇನೆಂದು ಮಾತು ಕೊಡಲಾಗುವುದಿಲ್ಲ, ಯಾಕೆಂದರೆ ಎಷ್ಟೋ ಕಡೆ ಮುಂದಿನ ತಿಂಗಳ ರೋಸ್ಟರ್ ಕೈಗೆ ಬರುವುದೇ ಈ ತಿಂಗಳ ಕೊನೆಯ ದಿನ. ಎರಡು ತಿಂಗಳು ಮುಂಚೆ ರೋಸ್ಟರ್ ಕೊಡುವುದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಮನೆಯವರ ಮುನಿಸಿನಲ್ಲಿ ಅರ್ಧಪಾಲು ಅದರಿಂದಲೇ ಕಡಿಮೆಯಾದೀತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹೆಣ್ಣುಮಕ್ಕಳ ಪಾಲಿಗೆ ಇದು ಇನ್ನಷ್ಟು ಭಾರ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಡಾಕ್ಟರು ಮಲಗಿದರೆ ಮನೆಯಲ್ಲಿ ಟಿ.ವಿ. ಸದ್ದು ತಗ್ಗುತ್ತದೆ. ಹೆಣ್ಣು ಡಾಕ್ಟರು ಬಂದರೆ "ಹೇಗೂ ಮನೇಲೇ ಇರ್ತೀಯಲ್ಲ" ಎಂದು ಕುಕ್ಕರ್ ಇಡುವುದು, ಗ್ಯಾಸ್ ಸಿಲಿಂಡರ್ ತಗೊಳ್ಳುವುದು, ಮಾವನವರನ್ನು ಬ್ಯಾಂಕಿಗೆ ಕರೆದೊಯ್ಯುವುದು ಅವಳ ಪಾಲಿಗೆ ಬರುತ್ತದೆ. ಹಗಲು ನಿದ್ದೆಯನ್ನು ಸೋಮಾರಿತನವೆಂದು ನೋಡುವ ಮನೆಗಳಲ್ಲಿ ಅವಳು ಮಲಗಲು ಕ್ಷಮೆ ಕೇಳಬೇಕು. ಬಸುರಿಯಾದ ಮೇಲೂ ನೈಟ್ ತಪ್ಪುವುದಿಲ್ಲ. ವಾರಕ್ಕೆ ಎರಡು ಅಥವಾ ಹೆಚ್ಚು ರಾತ್ರಿ ಪಾಳಿ ಮಾಡಿದ ಗರ್ಭಿಣಿಯರಲ್ಲಿ ಎಂಟನೇ ವಾರದ ನಂತರ ಮುಂದಿನ ವಾರದ ಗರ್ಭಪಾತದ ಸಂಭವ ಶೇ 32ರಷ್ಟು ಹೆಚ್ಚಿತ್ತೆಂದು ಡೆನ್ಮಾರ್ಕಿನ 2019ರ ಅಧ್ಯಯನವೊಂದು ಹೇಳುತ್ತದೆ. ಬಸುರಿ ಸಹೋದ್ಯೋಗಿಯ ರಾತ್ರಿಗಳನ್ನು ಹಂಚಿಕೊಳ್ಳುವುದು ಉಪಕಾರ ಎಂದು ಯಾರೂ ಭಾವಿಸಬೇಕಾಗಿಲ್ಲ. ವಿಭಾಗವೇ ಅದನ್ನು ನಿಯಮವಾಗಿ ಬರೆದಿಡಬೇಕು.

ಮನೆಯ ಈ ಕೊರತೆ ಮನೆಯಲ್ಲೇ ಉಳಿಯುವುದಿಲ್ಲ. ಮೂರು ದಿನದಿಂದ ಮಗಳ ಜೊತೆ ಮಾತಾಡಿಲ್ಲ ಎಂಬ ನೋವು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಬ್ಬರ ಮಗಳಿಗೆ ಹೊಲಿಗೆ ಹಾಕುವ ಕೈ ಅದು.

ತಪ್ಪು ಕಲ್ಪನೆ: ಬಯೋಮೆಟ್ರಿಕ್ ಒತ್ತಿದರೆ ಪಾಳಿ ಮುಗಿಯಿತು

ಮನೆ ಸೇರುವವರೆಗೆ ಮುಗಿದಿಲ್ಲ. 24 ಗಂಟೆ ಮೀರಿದ ಡ್ಯೂಟಿ ಮುಗಿಸಿ ಹೊರಟ ಇಂಟರ್ನ್‌ಗಳಿಗೆ ವಾಹನ ಅಪಘಾತವಾಗುವ ಸಂಭವ ಎರಡು ಪಟ್ಟಿಗೂ ಹೆಚ್ಚು ಎಂದು 2005ರಲ್ಲಿ ಅಮೆರಿಕದಲ್ಲಿ ಕಂಡುಕೊಂಡರು. ಅಲ್ಲಿ ಕಾರು, ಇಲ್ಲಿ ಬಹುಪಾಲು ಸ್ಕೂಟರು. ನಮ್ಮ ಎಷ್ಟೋ ಕನ್ನಡದ ಡಾಕ್ಟರುಗಳು ಕೆಲಸ ಮಾಡುವ ಬ್ರಿಟನ್ನಿನಲ್ಲಿ, ರಾತ್ರಿ ಪಾಳಿಯ ನಂತರ ವಾಹನ ಓಡಿಸಲಾರದಷ್ಟು ದಣಿದಿದ್ದೇನೆ ಎಂದು ಕಿರಿಯ ವೈದ್ಯರು ಹೇಳಿದರೆ ಆಸ್ಪತ್ರೆಯೇ ಮಲಗಲು ಜಾಗ ಕೊಡಬೇಕು, ಇಲ್ಲವೇ ಮನೆ ಮುಟ್ಟಿಸುವ ವ್ಯವಸ್ಥೆ ಮಾಡಬೇಕು. ಅವರ ಒಪ್ಪಂದದಲ್ಲೇ ಇದು ಬರೆದಿದೆ.

ತಪ್ಪು ಕಲ್ಪನೆ: ವೈದ್ಯರ ದುಡಿಮೆಗೆ ನಮ್ಮಲ್ಲಿ ಗಂಟೆಯ ಮಿತಿಯೇ ಇಲ್ಲ

ಇದೆ, ಮೂವತ್ತು ವರ್ಷಕ್ಕೂ ಹಿಂದಿನಿಂದ ಇದೆ. 1992ರಲ್ಲಿ ಕೇಂದ್ರ ಸರ್ಕಾರದ ರೆಸಿಡೆನ್ಸಿ ಯೋಜನೆ ರೆಸಿಡೆಂಟ್ ವೈದ್ಯರ ಸತತ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದಿತು. ಆಮೇಲೂ 36 ಗಂಟೆಯ ಡ್ಯೂಟಿಗಳು ದೇಶದುದ್ದಕ್ಕೂ ನಡೆದವು, ನಡೆಯುತ್ತಿವೆ. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ತರಬೇತಿ ವೈದ್ಯೆ 36 ಗಂಟೆಯ ಡ್ಯೂಟಿಯ ನಡುವೆ ವಿಶ್ರಾಂತಿಗೆಂದು ಸೆಮಿನಾರ್ ಹಾಲಿಗೆ ಹೋಗಿದ್ದರು. ಆ ಪ್ರಕರಣದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಇಂಥ ಡ್ಯೂಟಿಗಳನ್ನು ಅಮಾನವೀಯ ಎಂದು ಕರೆಯಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತ ವರದಿಯಲ್ಲಿ, ರೆಸಿಡೆಂಟ್‌ಗಳ ಡ್ಯೂಟಿ ವಾರಕ್ಕೆ 74 ಗಂಟೆ ಮೀರಬಾರದು ಎಂದು ಶಿಫಾರಸು ಮಾಡಿತು.

1992ರಲ್ಲಿ 48 ಇದ್ದದ್ದು 2024ರಲ್ಲಿ 74 ಆದದ್ದೇಕೆ? ವಾರದ ರಜೆ ಕಳೆದರೆ ಉಳಿದ ಆರು ದಿನ, ದಿನಕ್ಕೆ 12 ಗಂಟೆಗೂ ಮೇಲೆ. ಕಾರ್ಯಪಡೆಯವರು ಇಂದಿನ ಕೆಟ್ಟ ಸ್ಥಿತಿಯಿಂದ ಒಂದು ಮೆಟ್ಟಿಲಾದರೂ ಇಳಿಯಲಿ ಎಂದುಕೊಂಡಿರಬಹುದು. ಆದರೂ ಇದನ್ನು ಗುರಿ ಎಂದು ಒಪ್ಪಲು ನನಗೆ ಮನಸ್ಸಿಲ್ಲ. ಬ್ರಿಟನ್ನಿನಲ್ಲಿ 2009ರಿಂದ ಕಿರಿಯ ವೈದ್ಯರಿಗೆ ವಾರದ ಸರಾಸರಿ ಮಿತಿ 48 ಗಂಟೆ, ಒಂದು ಪಾಳಿ 13 ಗಂಟೆ ಮೀರುವಂತಿಲ್ಲ. ಅಲ್ಲಿನ ತುರ್ತು ವಿಭಾಗಗಳು ಬಾಗಿಲು ಮುಚ್ಚಿಲ್ಲ. ನಮ್ಮಲ್ಲಿ ಜನ ಸಾಲದು ಎಂಬುದು ನಿಜವಾದ ಕಷ್ಟ. ಆ ಕಷ್ಟಕ್ಕೆ ಉತ್ತರ ಹುದ್ದೆ ತುಂಬುವುದು. ಹೌಸ್ ಸರ್ಜನ್‌ಗಳ ನಿದ್ದೆಯಿಂದ ಆ ಖಾಲಿ ಜಾಗ ತುಂಬಬಾರದು.

ತಪ್ಪು ಕಲ್ಪನೆ: ಬೆಳಿಗ್ಗೆ ಡಾಕ್ಟರು ಬದಲಾದರೆಂದರೆ ನಮ್ಮ ರೋಗಿಯನ್ನು ಕೈಬಿಟ್ಟರು ಎಂದರ್ಥ

ರಾತ್ರಿಯೆಲ್ಲ ಜೊತೆಗಿದ್ದ ಡಾಕ್ಟರು ಬೆಳಿಗ್ಗೆ ಕಾಣದಿದ್ದರೆ ಮನೆಯವರಿಗೆ ದಿಗಿಲಾಗುವುದು ಸಹಜ. ಗದ್ದಲಗಳು, ಕೈಮಿಲಾಯಿಸುವಿಕೆ ಬಹಳ ಸಲ ಈ ಹೊತ್ತಿನಲ್ಲೇ ಶುರುವಾಗುತ್ತವೆ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ಕರ್ನಾಟಕ ಕಾಯ್ದೆ ತಂದಿದೆ. ಕಾಯ್ದೆ ಕೆಲಸ ಮಾಡುವುದು ಹೊಡೆತ ಬಿದ್ದ ಮೇಲೆ. ಅದಕ್ಕೂ ಮುಂಚೆ ಆಗಬೇಕಾದದ್ದು ಡಾಕ್ಟರು ಹೊರಡುವ ಮುನ್ನ ಮನೆಯವರ ಬಳಿ ಬಂದು, ಇನ್ನು ಮುಂದೆ ಇವರು ನೋಡಿಕೊಳ್ಳುತ್ತಾರೆ, ಎಲ್ಲ ತಿಳಿಸಿದ್ದೇನೆ ಎಂದು ಮುಖ ತೋರಿಸಿ ಹೇಳುವುದು. ಅರ್ಧ ನಿಮಿಷದ ಮಾತು ಅದು.

ಹೊರಟುಹೋದ ಡಾಕ್ಟರು ಮತ್ತೆ ಹನ್ನೆರಡು ತಾಸು ಅಲ್ಲೇ ಇದ್ದಿದ್ದರೆ ನಿಮ್ಮ ರೋಗಿಗೆ ಒಳ್ಳೆಯದಾಗುತ್ತಿರಲಿಲ್ಲ. ರೋಗಿಯ ಜೊತೆಗಿರುವವರು ತಾವಾಗಿಯೇ ಕೇಳಬಹುದಾದದ್ದೂ ಇದೆ: ಈ ಪಾಳಿಯಲ್ಲಿ ನಮ್ಮವರನ್ನು ನೋಡುವವರು ಯಾರು, ಎಷ್ಟು ಹೊತ್ತಿನವರೆಗೆ? ಯಾವ ಪರೀಕ್ಷೆಯ ವರದಿ ಇನ್ನೂ ಬರಬೇಕು? ಏನು ಕಂಡರೆ ನಾವು ಓಡಿಬಂದು ಹೇಳಬೇಕು? ಔಷಧಿಗೆ ಅಲರ್ಜಿ ಇದ್ದರೆ, ಮನೆಯಲ್ಲಿ ನುಂಗುವ ಮಾತ್ರೆಗಳಿದ್ದರೆ, ರಾತ್ರಿ ಒಮ್ಮೆ ಹೇಳಿದ್ದೇವಲ್ಲ ಎಂದು ಸುಮ್ಮನಿರದೆ ಹೊಸಬರಿಗೂ ಹೇಳಿ. ಬಹಳಷ್ಟು ಆಸ್ಪತ್ರೆಗಳಲ್ಲಿ ಬೆಳಗಿನ ಪಾಳಿ ಬದಲಾಗುವುದು 8ರ ಸುಮಾರಿಗೆ. ಅದಕ್ಕೆ ಹತ್ತು ನಿಮಿಷ ಮುಂಚೆ ಹಾಸಿಗೆಯ ಬಳಿಯೇ ಇರಿ. ಆ ಹೊತ್ತಿಗೆ ಇಬ್ಬರು ಡಾಕ್ಟರನ್ನೂ ಒಟ್ಟಿಗೆ ಕೇಳಬಹುದು.